ಪಾಸ್‌ಬುಕ್ಕಿನಿಂದ ಹೋದ ರೊಕ್ಕ ಮರಳಲಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮೂರು ತಿಂಗಳಿಗೊಮ್ಮೆ ತಮ್ಮ ಅಧ್ಯಕ್ಷತೆಯಲ್ಲಿ ಬ್ಯಾಂಕುಗಳ ಜಿಲ್ಲಾ ಸಮಾಲೋಚನಾ ಸಮಿತಿ ಸಭೆ ಸೇರುತ್ತದೆ. ಇದನ್ನೂ ಡಿಸಿಸಿ ಎನ್ನುವುದರಿಂದ ಡಿಸಿಸಿ ಬ್ಯಾಂಕಿನ, ಅಂದರೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ, ಸಭೆ ಎಂದುಕೊಳ್ಳುವವರೇ ನಮ್ಮ ಕಡೆ ಹೆಚ್ಚು. ಬೆಳೆಸಾಲದ ಗುರಿ, ಠೇವಣಿ–ಸಾಲದ ಅನುಪಾತ, ಮುದ್ರಾ, ಸ್ವಸಹಾಯ ಸಂಘಗಳ ಸಾಲ ಎಲ್ಲವೂ ಅಲ್ಲಿ ಕೋಷ್ಟಕವಾಗಿ ಬರುತ್ತವೆ. ಬ್ಯಾಂಕುಗಳು ಜನರಿಗೆ ಎಷ್ಟು ಕೊಟ್ಟವು ಎಂಬುದರ ಲೆಕ್ಕ ಅದು. ನಿಯಮ ಮೀರಿ ಜನರ ಖಾತೆಯಿಂದ ಎಷ್ಟು ಮುರಿದುಕೊಂಡವು, ಅದರಲ್ಲಿ ಎಷ್ಟು ವಾಪಸ್ ಕೊಟ್ಟವು ಎಂಬ ಕಾಲಂ ಕೂಡ ಆ ಕೋಷ್ಟಕಕ್ಕೆ ಸೇರಬೇಕು ಎಂದು ಕೇಳುವುದಕ್ಕೇ ಈ ಪತ್ರ.

ಮೊದಲಿಗೆ ಕನಿಷ್ಠ ಶಿಲ್ಕಿನ (ಮಿನಿಮಮ್ ಬ್ಯಾಲೆನ್ಸ್) ದಂಡ. ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಹೊರಡಿಸಿ, 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ಸುತ್ತೋಲೆಯಲ್ಲಿ ಇದಕ್ಕೆ ಸ್ಪಷ್ಟ ಷರತ್ತುಗಳಿವೆ. ಶಿಲ್ಕು ಕಡಿಮೆಯಾದರೆ ಎಸ್‌ಎಂಎಸ್, ಇ–ಮೇಲ್ ಅಥವಾ ಪತ್ರದ ಮೂಲಕ ಮೊದಲು ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ ಒಂದು ತಿಂಗಳು ಕಾಯಬೇಕು. ದಂಡವು ಕೊರತೆಯ ಮೊತ್ತಕ್ಕೆ ತಕ್ಕಂತೆ, ನಿಗದಿತ ಶೇಕಡಾವಾರು ಇರಬೇಕು. ಈ ದಂಡವೊಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಕೂಡದು.

ಲೆಕ್ಕ ಹಾಕಿ ನೋಡೋಣ. ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳ 21ನೇ ತಾರೀಖಿಗೆ ಜಮೆಯಾಗಿ, 30ರವರೆಗೆ ಹಾಗೇ ಇತ್ತು ಎನ್ನಿ. ಅದಕ್ಕೂ ಮೊದಲಿನ 20 ದಿನ ಖಾತೆ ಖಾಲಿ. ಬ್ಯಾಂಕು ನೋಡುವುದು ದಿನದ ಕೊನೆಯ ಶಿಲ್ಕುಗಳ ಸರಾಸರಿಯನ್ನು: 20,000ವನ್ನು 30ರಿಂದ ಭಾಗಿಸಿದರೆ 666 ರೂಪಾಯಿ 67 ಪೈಸೆ. ಕನಿಷ್ಠ ಮಿತಿ 1,000 ಇದ್ದರೆ ಕೊರತೆ 333 ರೂಪಾಯಿ 33 ಪೈಸೆ. ಇಷ್ಟು ಕೊರತೆಗೂ, ಪೂರ್ತಿ ಸಾವಿರದ ಕೊರತೆಗೂ ಒಂದೇ 100 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ ಸೇರಿ 118 ರೂಪಾಯಿ ಹಾಕಿದ್ದರೆ ಅದು ಸುತ್ತೋಲೆಯ ಪ್ರಕಾರ ನಿಲ್ಲುವುದಿಲ್ಲ. ಇಲ್ಲಿ ಇನ್ನೊಂದು ಕಣ್ಕಟ್ಟೂ ಇದೆ. ಖಾಲಿ ಖಾತೆಯನ್ನು ಮೈನಸ್ ಮಾಡುವಂತಿಲ್ಲವಾದ್ದರಿಂದ ದಂಡವನ್ನು 'ಹೋಲ್ಡ್' ಎಂದು ಪಕ್ಕಕ್ಕೆ ಬರೆದಿಡುತ್ತಾರೆ. ಪಿಂಚಣಿಯೋ ನರೇಗಾ ಕೂಲಿಯೋ ಬಂದ ದಿನ ನಾಲ್ಕಾರು ತಿಂಗಳದ್ದು ಒಟ್ಟಿಗೇ ಹೋಗುತ್ತದೆ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದಾಗ ಕಾಣುವುದು 'ಮಿನ್ ಬ್ಯಾಲ್ ಚಾರ್ಜ್' ಎಂಬ ತುಂಡಕ್ಷರ, ಕೆಳಗೆ ಜಿಎಸ್‌ಟಿಯ ಬೇರೆ ಸಾಲು. ಜಿಎಸ್‌ಟಿ ಸಾಲನ್ನು ಕೂಡಿಸದೆ ಅರ್ಜಿ ಕೊಟ್ಟವರಿಗೆ ಪೂರ್ತಿ ಮೊತ್ತ ಮರಳುವುದಿಲ್ಲ.

ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಈ ದಂಡವನ್ನು ಕೈಬಿಟ್ಟಿವೆ, ನಿಜ. ಅದು ಮುಂದಿನ ತಿಂಗಳುಗಳಿಗೆ ಸಿಕ್ಕ ವಿನಾಯಿತಿ ಅಷ್ಟೆ. ಮೊದಲೇ ತಪ್ಪಾಗಿ ಮುರಿದುಕೊಂಡದ್ದು ಅದರಿಂದ ಸರಿಯಾಗುವುದಿಲ್ಲ. ದಂಡ ಹಾಕುವ ಬ್ಯಾಂಕುಗಳೂ ಇನ್ನೂ ಇವೆ.

ಜನಧನ ಖಾತೆಗಳದ್ದು ಬೇರೆಯೇ ತೊಡಕು. ಅವು ಮೂಲ ಉಳಿತಾಯ ಖಾತೆಗಳು, ಅಲ್ಲಿ ಕನಿಷ್ಠ ಶಿಲ್ಕಿನ ಮಾತೇ ಬರುವುದಿಲ್ಲ. 2019ರ ಜುಲೈ 1ರಿಂದ ಜಾರಿಯಾದ ನಿಯಮದಂತೆ ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣ ತೆಗೆಯುವುದು ಉಚಿತ, ಎಟಿಎಂ ಕಾರ್ಡೂ ಉಚಿತ. ಆದರೂ ದಂಡ ಬೀಳಲು ಕಾರಣ ಖಾತೆಯ ಸ್ಕೀಮ್ ಕೋಡ್, ಅಂದರೆ ಖಾತೆ ಯಾವ ಬಗೆಯದು ಎಂದು ಕಂಪ್ಯೂಟರಿಗೆ ಹೇಳುವ ಗುರುತು. ಪೂರ್ಣ ಕೆವೈಸಿ ಇಲ್ಲದೆ ತೆರೆದ ಸಣ್ಣ ಖಾತೆಗೆ ಶಿಲ್ಕು 50,000, ವರ್ಷದ ಜಮೆ 1 ಲಕ್ಷ, ತಿಂಗಳ ಹಿಂಪಡೆತ 10,000 ರೂಪಾಯಿ ಎಂಬ ಮಿತಿಗಳಿರುತ್ತವೆ. ಕಬ್ಬಿನ ಬಿಲ್ಲು ಒಮ್ಮೆಲೇ ಜಮೆಯಾದರೆ ಮಿತಿ ದಾಟುತ್ತದೆ. ಆಗ ಕೆವೈಸಿ ಮುಗಿಸಿ, ಮೂಲ ಉಳಿತಾಯ ಖಾತೆಯಾಗಿಯೇ ಮುಂದುವರಿಸಬಹುದು. ಅದರ ಬದಲು ಸಾಮಾನ್ಯ ಉಳಿತಾಯ ಖಾತೆಯ ಕೋಡ್ ಹಾಕಿದರೆ ಮುಂದಿನದೆಲ್ಲ ಕಂಪ್ಯೂಟರ್ ತಾನೇ ಮುರಿದುಕೊಳ್ಳುತ್ತದೆ. ಶಾಖೆಯಲ್ಲಿ ಕೇಳಿದರೆ 'ಸಿಸ್ಟಂ ಹಾಕಿದ್ದು' ಎಂಬ ಉತ್ತರ. ಕೋಡ್ ಬದಲಾದ ತಾರೀಖು ಮತ್ತು ಅದಕ್ಕೆ ಗ್ರಾಹಕರು ಕೊಟ್ಟ ಒಪ್ಪಿಗೆಯ ಪ್ರತಿ, ಈ ಎರಡನ್ನು ಬರವಣಿಗೆಯಲ್ಲಿ ಕೇಳಿದರೆ ಆ ಉತ್ತರ ನಿಲ್ಲುವುದಿಲ್ಲ.

ಹುನಗುಂದ, ಬಾದಾಮಿ ಕಡೆಯಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರ ಖಾತೆಗಳು ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗುತ್ತವೆ. ನಿಷ್ಕ್ರಿಯ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ. ಮತ್ತೆ ಚಾಲೂ ಮಾಡಿಕೊಡಲೂ ಶುಲ್ಕ ಕೇಳುವಂತಿಲ್ಲ.

ಈಗ ಮಹಿಳಾ ಸಂಘಗಳ ಸಾಲದ ವಿಷಯ. ತಾವು ಮನಸ್ಸು ಮಾಡಿದರೆ ಬೇಗ ಸರಿಯಾಗುವಂಥದ್ದು ಇದು. ಕೃಷಿ, ಸಣ್ಣ ಉದ್ಯಮದಂಥ ಆದ್ಯತಾ ವಲಯದ ಸಣ್ಣ ಸಾಲಗಳ ಮೇಲೆ ಸೇವಾ ಶುಲ್ಕ, ತಪಾಸಣಾ ಶುಲ್ಕ ಹಾಕಬಾರದು. ಈ ಮಿತಿ ಮೊದಲು 25,000 ರೂಪಾಯಿ ಇತ್ತು, 2025ರ ಏಪ್ರಿಲ್ 1ರಿಂದ 50,000 ಆಗಿದೆ. ಸ್ವಸಹಾಯ ಸಂಘಗಳ ಸಾಲದಲ್ಲಿ ಈ ಮಿತಿಯನ್ನು ನೋಡಬೇಕಾದದ್ದು ಇಡೀ ಸಂಘಕ್ಕೆ ಅಲ್ಲ, ತಲಾ ಸದಸ್ಯೆಗೆ. ಹತ್ತು ಮಂದಿಯ ಸಂಘಕ್ಕೆ 4 ಲಕ್ಷ ಮಂಜೂರಾದರೆ ತಲಾ 40,000 ಆಯಿತು, ಹಾಗಾಗಿ ತಪಾಸಣೆಯ ಹೆಸರಲ್ಲಿ ಒಂದು ರೂಪಾಯಿಯೂ ಬೀಳಬಾರದು. ಆದರೆ ತಂತ್ರಾಂಶಕ್ಕೆ ಕಾಣುವುದು 4 ಲಕ್ಷದ ಒಂದು ಖಾತೆ, ಅದರೊಳಗಿನ ಹತ್ತು ಹೆಂಗಸರಲ್ಲ. ಶುಲ್ಕ ವಿನಾಯಿತಿಯ ಗುರುತನ್ನು ಶಾಖೆಯವರೇ ಹಾಕಬೇಕು, ಮರೆತರೆ ವರ್ಷವರ್ಷವೂ ಹೋಗುತ್ತಲೇ ಇರುತ್ತದೆ. ಸಂಘದ ನಡಾವಳಿ ಪುಸ್ತಕದಲ್ಲಿ ಸದಸ್ಯೆಯರ ಪಟ್ಟಿ, ಪ್ರತಿಯೊಬ್ಬರ ಸಾಲದ ಹಂಚಿಕೆ ಎರಡೂ ಇರುತ್ತವೆ. ಆ ಪುಟದ ಜೆರಾಕ್ಸ್ ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟ್, ಇವೆರಡೇ ಸಾಕು. ವಾದ ಮಾಡುವ ಅಗತ್ಯವೇ ಬೀಳದ ಪ್ರಕರಣ ಇದು.

ಇಳಕಲ್ಲ, ಗುಳೇದಗುಡ್ಡ, ರಬಕವಿ–ಬನಹಟ್ಟಿಯ ನೇಕಾರರು, ಸಣ್ಣ ವ್ಯಾಪಾರಿಗಳು ಓಡಿ (ಓವರ್‌ಡ್ರಾಫ್ಟ್) ಅಥವಾ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆ, ಅಂದರೆ ಮಂಜೂರಾದ ಮಿತಿಯೊಳಗೆ ಬೇಕಾದಾಗ ತೆಗೆದು ತುಂಬುವ ಸಾಲದ ಖಾತೆ, ಇಟ್ಟಿರುತ್ತಾರೆ. ಮಿತಿ ಮೀರಿದರೆ, ಸ್ಟಾಕ್ ಸ್ಟೇಟ್‌ಮೆಂಟ್ (ದಾಸ್ತಾನಿನ ಲೆಕ್ಕ) ತಡವಾದರೆ, ನವೀಕರಣ ತಪ್ಪಿದರೆ ದಂಡ ಬೀಳುತ್ತದೆ. ದಂಡ ಹಾಕುವುದೇ ತಪ್ಪಲ್ಲ. ಹೇಗೆ ಹಾಕಿದ್ದಾರೆ ಎಂಬುದನ್ನು ನೋಡಬೇಕು. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಸಾಲಗಳೂ ಅದೇ ವರ್ಷದ ಜೂನ್ 30ರೊಳಗೆ ಅದರ ಅಡಿಗೆ ಬರಬೇಕಿತ್ತು. ದಂಡಬಡ್ಡಿ ಎಂದು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ಪ್ರತ್ಯೇಕ ಶುಲ್ಕವಾಗಿ ಮಾತ್ರ ಹಾಕಬಹುದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಸಿಸಿ ಖಾತೆಯಲ್ಲಿ ಎಡವುವುದು ಇಲ್ಲಿಯೇ: 1,000 ರೂಪಾಯಿ ದಂಡ ಅದೇ ಖಾತೆಗೆ ಡೆಬಿಟ್ ಆಗಿ ಬಾಕಿಯಲ್ಲಿ ಕರಗುತ್ತದೆ, ಮುಂದಿನ ತಿಂಗಳ ಬಡ್ಡಿ ಅದನ್ನೂ ಸೇರಿಸಿಕೊಂಡು ಬರುತ್ತದೆ. ಇನ್ನೊಂದು, ಈ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಜನವರಿ 28ರಂದು ಸ್ಪಷ್ಟಪಡಿಸಿದೆ. ಆಮೇಲೂ ಶೇ. 18 ಸೇರಿಸಿದ್ದರೆ ಅದಷ್ಟನ್ನಾದರೂ ಕೇಳಿ ಪಡೆಯಬೇಕು. ಸಣ್ಣ, ಅತಿಸಣ್ಣ ರೈತರ ಅಲ್ಪಾವಧಿ ಸಾಲದಲ್ಲಂತೂ ಖಾತೆಗೆ ಹಾಕಿದ ಒಟ್ಟು ಬಡ್ಡಿ ಅಸಲನ್ನು ಮೀರಬಾರದು ಎಂಬ ಹಳೆಯ ನಿಯಮವೇ ಇದೆ.

ಬೈಕ್ ಸಾಲದ ಕಂತು ಬೌನ್ಸ್ ಆದದ್ದಕ್ಕೆ ಬಿದ್ದ ಶುಲ್ಕ, ಶಿಲ್ಕಿಲ್ಲದೆ ಬೌನ್ಸ್ ಆಗಿದ್ದರೆ, ಸಾಮಾನ್ಯವಾಗಿ ಮರಳುವುದಿಲ್ಲ. ಆದರೆ ಸಾಲ ತೀರಿದ ಮೇಲೂ, ಮ್ಯಾಂಡೇಟ್ (ಖಾತೆಯಿಂದ ಕಂತು ತೆಗೆಯಲು ಕೊಟ್ಟ ಅನುಮತಿ) ರದ್ದಾದ ಮೇಲೂ ಫೈನಾನ್ಸಿನವರು ಹಣ ಕೇಳಿ ಕಳಿಸಿದ್ದರೆ, ಸಾಲ ತೀರಿದ್ದಕ್ಕೆ ಕೊಟ್ಟ ಎನ್‌ಒಸಿಯ ತಾರೀಖು ತೋರಿಸಿ ಆ ಶುಲ್ಕವನ್ನು ಬಿಡಿಸಿಕೊಳ್ಳಬಹುದು. ಎಟಿಎಂನಲ್ಲಿ ನೋಟಿಲ್ಲದೆ, ಲಿಂಕಿಲ್ಲದೆ ವಿಫಲವಾದ ಯತ್ನವನ್ನು ಉಚಿತ ಎಣಿಕೆಯಲ್ಲಿ ಹಿಡಿಯಬಾರದು. ಖಾತೆಯಿಂದ ಹೋಗಿ ಯಂತ್ರದಿಂದ ಬಾರದ ಹಣ ಐದು ದಿನದೊಳಗೆ ಮರಳದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು, ಗ್ರಾಹಕರು ಕೇಳದಿದ್ದರೂ, ಬ್ಯಾಂಕೇ ಕೊಡಬೇಕು.

ಕಳೆದುಹೋದ ಕಾರ್ಡಿಗೆ ಬದಲಿ ಕಾರ್ಡು, ಹೆಚ್ಚುವರಿ ಚೆಕ್‌ಬುಕ್, ಡಿಡಿ ಇವುಗಳ ಶುಲ್ಕವನ್ನೂ ಅನ್ಯಾಯದ ಪಟ್ಟಿಗೆ ಸೇರಿಸಿ ಉದ್ದ ಅರ್ಜಿ ಬರೆಯುವವರಿದ್ದಾರೆ. ಅಂಥ ಅರ್ಜಿಯಲ್ಲಿ ನ್ಯಾಯವಾದ ಬೇಡಿಕೆಯೂ ಮುಳುಗಿಹೋಗುತ್ತದೆ.

ಅರ್ಜಿ ಒಂದೇ ಪುಟ ಇರಲಿ, ಕನ್ನಡದಲ್ಲೇ ಇರಲಿ. ಖಾತೆ ಸಂಖ್ಯೆ, ಕಡಿತದ ತಾರೀಖು, ಪಾಸ್‌ಬುಕ್ಕಿನಲ್ಲಿ ಬಂದ ಪದ ಇದ್ದಂತೆಯೇ, ಮೊತ್ತ, ಜಿಎಸ್‌ಟಿ, ಯಾವ ನಿಯಮಕ್ಕೆ ವಿರುದ್ಧ ಎಂಬುದು, ಕೊನೆಗೆ ಒಟ್ಟು ಮೊತ್ತ. 'ಬ್ಯಾಂಕಿನಿಂದ ಬಹಳ ತೊಂದರೆಯಾಗಿದೆ' ಎಂಬ ಸಾಲಿಗೆ ಯಾರೂ ಹಣ ಮರಳಿಸುವುದಿಲ್ಲ. 'ಕಡಿತಕ್ಕೆ ಒಂದು ತಿಂಗಳು ಮೊದಲು ನೋಟಿಸ್ ಕಳಿಸಿದ ದಾಖಲೆ ಕೊಡಿ' ಎಂಬ ಸಾಲಿಗೆ ಉತ್ತರ ಕೊಡಲೇಬೇಕಾಗುತ್ತದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸಿಕ್ಕಾ, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಅನೇಕರ ದೂರು ಬಿದ್ದುಹೋಗುವುದು ಇಲ್ಲಿಯೇ. ಬಾಯಿಮಾತಿನ ದೂರಿಗೆ, ಬ್ಯಾಂಕು ಉತ್ತರಿಸಲು ಇರುವ 30 ದಿನದ ಲೆಕ್ಕ ಶುರುವಾಗುವುದೇ ಇಲ್ಲ.

ಆ 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಸಮಗ್ರ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಯೋಜನೆಯಂತೆ ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಹಾಕಬಹುದು, ಇಲ್ಲವೇ ಚಂಡೀಗಢದಲ್ಲಿರುವ ಅದರ ದೂರು ಸ್ವೀಕರಿಸುವ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. 14448ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಿ ತಿಳಿಯಬಹುದು. ಬ್ಯಾಂಕಿನ ಉತ್ತರ ಬಂದ ಮೇಲೆ ದೂರಿಗೆ ಕಾಲಮಿತಿ ಇರುತ್ತದೆ, ತಡಮಾಡಬಾರದು. ಮೊದಲು ಬ್ಯಾಂಕಿಗೆ ಬರೆಯದೆ ನೇರ ಹೋದರೆ, ಕೋರ್ಟಿನಲ್ಲಿ ಇರುವುದನ್ನೇ ತಂದರೆ, ವಕೀಲರ ಮೂಲಕ ಸಲ್ಲಿಸಿದರೆ ದೂರು ತಿರಸ್ಕೃತವಾಗುತ್ತದೆ. ಗ್ರಾಮೀಣ ಬ್ಯಾಂಕು ಈ ವ್ಯಾಪ್ತಿಯಲ್ಲಿದೆ. ಡಿಸಿಸಿ ಬ್ಯಾಂಕುಗಳೂ 2025ರ ನವೆಂಬರ್ 1ರಿಂದ ಸೇರಿವೆ, ಇದು ಹಳ್ಳಿಗಳಿಗೆ ಇನ್ನೂ ಮುಟ್ಟಬೇಕಾದ ಸುದ್ದಿ. ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ), ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ಮಾತ್ರ ಹೊರಗೇ ಉಳಿದಿವೆ. ಅವುಗಳ ಮೇಲಿನ ದೂರು ಸಹಕಾರ ಇಲಾಖೆಯ ದಾರಿ ಹಿಡಿಯಬೇಕು.

ಬ್ಯಾಂಕುಗಳಿಗೆ 'ಹಣ ಮರಳಿಸಿ' ಎಂದು ಆದೇಶ ಕೊಡುವ ಅಧಿಕಾರ ತಮಗಿಲ್ಲ ಎಂಬುದು ನಮಗೆ ಗೊತ್ತು. ಆದರೆ ಸಭೆಯಲ್ಲಿ ಲೆಕ್ಕ ಕೇಳುವ ಅಧಿಕಾರ ಇದೆ, ಅಲ್ಲಿ ರಿಸರ್ವ್ ಬ್ಯಾಂಕಿನ ಜಿಲ್ಲಾ ಅಧಿಕಾರಿಯೂ ಕೂತಿರುತ್ತಾರೆ. ಮೂಲ ಉಳಿತಾಯ ಖಾತೆಯಿಂದ ಸಾಮಾನ್ಯ ಖಾತೆಗೆ ಬದಲಾದವು ಎಷ್ಟು, ಅದರಲ್ಲಿ ಲಿಖಿತ ಒಪ್ಪಿಗೆ ಇರುವವು ಎಷ್ಟು, ಸಂಘಗಳ ಸಾಲದಿಂದ ತಪಾಸಣಾ ಶುಲ್ಕ ಹೋದದ್ದು ಎಷ್ಟು, ಮರಳಿದ್ದು ಎಷ್ಟು ಎಂದು ಬ್ಯಾಂಕುವಾರು ಪಟ್ಟಿಯನ್ನು ಜಿಲ್ಲೆಯ ಬ್ಯಾಂಕುಗಳನ್ನು ಸಮನ್ವಯಗೊಳಿಸುವ ಲೀಡ್ ಬ್ಯಾಂಕ್ ಮ್ಯಾನೇಜರರಿಂದ ತರಿಸಿ. ಸಂಘಗಳ ವಿಷಯವನ್ನು ಮೊದಲು ಎತ್ತಿಕೊಳ್ಳಿ: ಜಿಲ್ಲಾ ಪಂಚಾಯಿತಿಯ ಜೀವನೋಪಾಯ ಘಟಕದ ಬಳಿ ಸಂಘವಾರು ಸದಸ್ಯೆಯರ ಸಂಖ್ಯೆ ಇದೆ, ಬ್ಯಾಂಕಿನ ಬಳಿ ಸಾಲದ ಮೊತ್ತ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಜಿಯಿಲ್ಲದೆಯೇ ಪಟ್ಟಿ ತಯಾರಾಗುತ್ತದೆ. ಸಿಕ್ಕಾ ಹಾಕಿಕೊಡಲು ಒಲ್ಲೆ ಎನ್ನುವ ಶಾಖೆಗಳ ಹೆಸರು ತಾಲ್ಲೂಕು ಮಟ್ಟದ ಬ್ಯಾಂಕರ್‌ಗಳ ಸಭೆಯಲ್ಲಿ ಓದಿ ಹೇಳಿಸಿ. ಸೌಹಾರ್ದಗಳ ಶುಲ್ಕದ ಪಟ್ಟಿಯನ್ನು ಸಹಕಾರ ಸಂಘಗಳ ಉಪನಿಬಂಧಕರಿಂದ ಕೇಳಿ ಪಡೆಯಿರಿ. ಮುಂದಿನ ಸಭೆಯ ಕಾರ್ಯಸೂಚಿ ಲೀಡ್ ಬ್ಯಾಂಕ್ ಕಚೇರಿಯಿಂದ ಹೊರಡುವ ಮುನ್ನ ಇದನ್ನು ಅದರಲ್ಲಿ ಸೇರಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಜಿಲ್ಲೆಯ ಬ್ಯಾಂಕ್ ಗ್ರಾಹಕರು
ಬಾಗಲಕೋಟೆ