ಎತ್ತಿಗೆ ಜ್ವರ, ಕೋಚ್‌ಗೆ ಬರೆ

ಮಾನ್ಯರೆ,

2024ರ ಸೆಪ್ಟೆಂಬರ್ ಕೊನೆಯಲ್ಲಿ ಈಸ್ಟ್ ಬೆಂಗಾಲ್ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಹುದ್ದೆಯಿಂದ ಕಾರ್ಲೆಸ್ ಕ್ವಾದ್ರತ್ ಕೆಳಗಿಳಿದ ಸುದ್ದಿ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕೇ ಸಾಲಿಗೆ ಮುಗಿದಿತ್ತು. ಕೋಲ್ಕತ್ತದ ಕ್ಲಬ್ಬಿನ ಸುದ್ದಿಗೆ ಬೆಂಗಳೂರಲ್ಲಿ ಅಷ್ಟು ಜಾಗ ಸಾಕು ಅನ್ನಿಸಿರಬಹುದು. ಆದರೆ ಕಂಠೀರವ ಕ್ರೀಡಾಂಗಣಕ್ಕೆ ಹೋಗುವ ನಮ್ಮಂಥವರಿಗೆ ಇವರು ಹೊರಗಿನವರಲ್ಲ. 2016ರಲ್ಲಿ ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿ ಬೆಂಗಳೂರು ಎಫ್‌ಸಿಗೆ ಬಂದವರು, 2018ರಲ್ಲಿ ಮುಖ್ಯ ಕೋಚ್ ಆದರು, ಮೊದಲ ವರ್ಷವೇ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಗೆದ್ದುಕೊಟ್ಟರು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಆ ಫೈನಲ್‌ನ 117ನೇ ನಿಮಿಷದಲ್ಲಿ ಗೋವಾ ವಿರುದ್ಧ ರಾಹುಲ್ ಭೆಕೆ ಹೊಡೆದ ಹೆಡರ್ ಯಾರಿಗೆ ಮರೆಯುತ್ತದೆ?

ಅದೇ ಕೋಚನ್ನು 2021ರ ಜನವರಿಯಲ್ಲಿ ಕ್ಲಬ್ ಮನೆಗೆ ಕಳಿಸಿತು. ಸತತ ಮೂರು ಸೋಲು, ಅಷ್ಟೇ ಕಾರಣ. ಕೋವಿಡ್ ಕಾಲ ಅದು. ಪಂದ್ಯಗಳೆಲ್ಲ ಗೋವಾದ ಖಾಲಿ ಕ್ರೀಡಾಂಗಣಗಳಲ್ಲಿ ನಡೆಯುತ್ತಿದ್ದವು. ಹೀಗಾಗಿ ಕಪ್ ಗೆದ್ದುಕೊಟ್ಟವನಿಗೆ ಒಂದು ಚಪ್ಪಾಳೆ ತಟ್ಟಿ ಬೀಳ್ಕೊಡುವ ಅವಕಾಶವೂ ನಮಗೆ ಸಿಗಲಿಲ್ಲ, ಬೈಯಬೇಕೆಂದಿದ್ದವರಿಗೆ ಬೈಯುವ ಅವಕಾಶವೂ ಸಿಗಲಿಲ್ಲ. ಕೋಚ್ ಬದಲಾದದ್ದರಿಂದ ಏನಾಯಿತು? ತಂಡ ಆ ಸಲ ಏಳನೇ ಸ್ಥಾನದಲ್ಲಿ ಮುಗಿಸಿತು.

ಈಗ ಕೋಲ್ಕತ್ತದ ಕಥೆ ನೋಡಿ. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3–2ರಿಂದ ಸೋಲಿಸಿ ಈಸ್ಟ್ ಬೆಂಗಾಲ್ ಸೂಪರ್ ಕಪ್ ಗೆದ್ದಿತು. ಹನ್ನೆರಡು ವರ್ಷ ಬರಗಾಲ ಕಂಡಿದ್ದ ಅಭಿಮಾನಿಗಳು ತಂಡವನ್ನು ಎದುರುಗೊಳ್ಳಲು ವಿಮಾನ ನಿಲ್ದಾಣಕ್ಕೇ ಮುತ್ತಿಗೆ ಹಾಕಿದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಬೆಂಗಳೂರು, ಕೇರಳ, ಗೋವಾ ವಿರುದ್ಧ ಸಾಲಾಗಿ ಮೂರು ಸೋಲು, ಕೋಚ್ ಹೊರಗೆ. ತಾವಾಗಿಯೇ ಇಳಿದರು ಎನ್ನುತ್ತದೆ ಕ್ಲಬ್ಬಿನ ಹೇಳಿಕೆ. ಇರಲಿ, ಇಂಥ ಹೇಳಿಕೆಗಳನ್ನು ಹೇಗೆ ಓದಬೇಕು ಅನ್ನೋದು ಫುಟ್‌ಬಾಲ್ ನೋಡುವವರಿಗೆ ಗೊತ್ತು.

ಅಭಿಮಾನಿಗಳಾದ ನಾವು ಸಾಧುಗಳೇನಲ್ಲ. 2023ರ ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ನಮ್ಮದೇ ಅಂಗಳದಲ್ಲಿ 4–0 ಬಾರಿಸಿ ಹೋದಾಗ ನಮ್ಮ ಆಗಿನ ಕೋಚ್ ಸೈಮನ್ ಗ್ರೇಸನ್ ಅವರನ್ನು ಕಿತ್ತುಹಾಕಿ ಎಂಬ ಮಾತು ಗೇಟಿನಾಚೆಯ ಟೀ ಅಂಗಡಿವರೆಗೂ ಕೇಳುತ್ತಿತ್ತು. ಮರುದಿನವೇ ಕಿತ್ತರು. ಒಂಬತ್ತು ಪಂದ್ಯಕ್ಕೆ ಒಂದೇ ಗೆಲುವು ಅಂದರೆ ಸಿಟ್ಟು ಸಹಜ. (ಆ ಒಂದು ಗೆಲುವೂ ಇದೇ ಕ್ವಾದ್ರತ್ ಅವರ ಈಸ್ಟ್ ಬೆಂಗಾಲ್ ವಿರುದ್ಧ ಬಂದದ್ದು. ಅವತ್ತು ಅವರು ಎದುರಾಳಿ ಬೆಂಚಿನ ಮುಂದೆ ನಿಂತಿದ್ದನ್ನು ಕಂಡು ನನಗೆ ಸಂಕಟವೇ ಆಯಿತು.) ಆದರೆ ಇದೇ ಗ್ರೇಸನ್ ಹಿಂದಿನ ವರ್ಷ ಡ್ಯುರಾಂಡ್ ಕಪ್ ಗೆದ್ದಿದ್ದರು. ಲೀಗ್‌ನ ಕೊನೆಯಲ್ಲಿ ಸತತ ಎಂಟು ಪಂದ್ಯ ಗೆಲ್ಲಿಸಿದ್ದರು. ಸೆಮಿಫೈನಲ್‌ನಲ್ಲಿ ಇದೇ ಮುಂಬೈಯನ್ನು ಪೆನಾಲ್ಟಿಯಲ್ಲಿ 9–8ರಿಂದ ಮಣಿಸಿ ಫೈನಲ್‌ಗೆ ಕರೆದೊಯ್ದಿದ್ದರು. ಒಂಬತ್ತು ತಿಂಗಳಲ್ಲಿ ಅವರು ಫುಟ್‌ಬಾಲ್ ಮರೆತುಬಿಟ್ಟರೇ? ನಡುವೆ ಬೇಸಿಗೆಯಲ್ಲಿ ನಮ್ಮ ಆಟಗಾರರಾದ ಸಂದೇಶ್ ಝಿಂಗನ್, ಉದಾಂತ ಸಿಂಗ್ ಗೋವಾಕ್ಕೆ ಹೋದರು, ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ. ಹೋದವರ ಜಾಗ ತುಂಬಿದ ರೀತಿಗೆ ಜವಾಬ್ದಾರರು ಯಾರು? ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ.

ಆಟಗಾರರ ಪ್ರತಿಕ್ರಿಯೆಯೂ ಒಂದೇ ಅಚ್ಚಿನದು. ಕೋಚ್ ಜತೆಗಿನ ಒಂದು ಫೋಟೊ, ‘ಎಲ್ಲದಕ್ಕೂ ಧನ್ಯವಾದ ಕೋಚ್’ ಎಂಬ ಒಂದು ಸಾಲು. ಅವರನ್ನೂ ದೂರುವಂತಿಲ್ಲ. ಮುಂದಿನ ಕೋಚ್ ಹನ್ನೊಂದರಲ್ಲಿ ಆಡಿಸಬೇಕು, ಕರಾರು ಮುಂದುವರಿಯಬೇಕು. ಆದರೆ ಅಭಿಮಾನಿಗಳು ಆ ಒಂದು ಸಾಲಲ್ಲೇ ಸಂಚು ಹುಡುಕುತ್ತಾರೆ. 2017ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ ಕ್ಲಾಡಿಯೊ ರನಿಯೇರಿ ಅವರನ್ನು ತೆಗೆದಾಗ ಆದದ್ದೂ ಇದೇ. ಪ್ರೀಮಿಯರ್ ಲೀಗ್ ಗೆದ್ದು ಆಗಿನ್ನೂ ಒಂಬತ್ತು ತಿಂಗಳು. ಆಟಗಾರರೇ ಕೋಚನ್ನು ಕೆಡವಿದರು ಎಂಬ ಗುಲ್ಲು ಎದ್ದು, ತನ್ನ ಕೈವಾಡವಿಲ್ಲ ಎಂದು ತಂಡದ ಸ್ಟ್ರೈಕರ್ ಜೇಮಿ ವಾರ್ಡಿ ಬಹಿರಂಗವಾಗಿ ಹೇಳಬೇಕಾಯಿತು. ಆ ವರ್ಷ ಅಲ್ಲಿಯವರೆಗೆ ಲೀಗ್‌ನಲ್ಲಿ ಒಂದು ಗೋಲನ್ನೂ ಹೊಡೆಯದ ತಂಡ ಮುಂದಿನ ಪಂದ್ಯದಲ್ಲೇ ಲಿವರ್‌ಪೂಲ್‌ಗೆ ಮೂರು ಹೊಡೆಯಿತು. ಎರಡು ವಾರ್ಡಿಯವೇ! ಗ್ಯಾಲರಿಯಲ್ಲಿ ರನಿಯೇರಿ ಮುಖವಾಡ ಹಾಕಿಕೊಂಡು ಕೂತಿದ್ದವರು ಆ ಗೋಲುಗಳಿಗೆ ಕುಣಿಯಬೇಕೋ ಅಳಬೇಕೋ ತಿಳಿಯದೆ ಒದ್ದಾಡಿರಬೇಕು.

ನಮ್ಮಲ್ಲಿ ಆ ಮಟ್ಟದ ನಾಟಕವೂ ಇಲ್ಲ. ಗ್ರೇಸನ್ ಹೋದ ಮೇಲೆ ಜೆರಾರ್ಡ್ ಝರಗೋಝಾ ಬಂದರು. ಕ್ವಾದ್ರತ್ ಕಪ್ ಗೆದ್ದ ವರ್ಷ ಅವರ ಸಿಬ್ಬಂದಿಯಲ್ಲಿದ್ದವರೇ ಇವರು. ಅವರು ಬಂದ ಮೇಲೂ ತಂಡ ಹನ್ನೆರಡರಲ್ಲಿ ಹತ್ತನೆಯದಾಗಿ ಮುಗಿಸಿತು. ರೂಢಿಯಂತೆ ಅವರನ್ನೂ ಕಳಿಸಬೇಕಿತ್ತು. ಯಾವ ಪುಣ್ಯಕ್ಕೋ ಕಳಿಸಲಿಲ್ಲ. ಬೇಸಿಗೆಯಿಡೀ ತಂಡ ಕಟ್ಟಲು ಸಮಯ ಕೊಟ್ಟರು. 2024–25ರ ಲೀಗ್‌ನ ಮೊದಲ ಮೂರು ಪಂದ್ಯದ ಲೆಕ್ಕ ನಿಮ್ಮ ಪುಟದಲ್ಲೇ ಬಂದಿತ್ತು: ಮೂರೂ ಗೆಲುವು, ಏಳು ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. ಮೋಹನ್ ಬಾಗನ್‌ಗೆ ಕಂಠೀರವದಲ್ಲಿ 3–0. ಅದು ಎಷ್ಟು ದಿನ ನಡೆಯುತ್ತದೋ ಆಗ ಗೊತ್ತಿರಲಿಲ್ಲ. ಮುಂದೆ ಮೂರು ಪಂದ್ಯ ಸೋತರೆ ‘ಝರಗೋಝಾ ಔಟ್’ ಶುರುವಾಗುತ್ತದೆ ಅನ್ನೋದು ಮಾತ್ರ ಗೊತ್ತಿತ್ತು.

ನಮ್ಮ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇಟ್ಟುಕೊಂಡಿದ್ದೇವೆ. ಇಲ್ಲಿ ಹುಡುಗರಿಗೆ ಆಟ ಕಲಿಸುವ ಕೋಚ್‌ಗಳು ಎಷ್ಟು ಸೋತರೂ ಯಾರೂ ತೆಗೆಯುವುದಿಲ್ಲ. ಸಂಬಳ ಕೊಟ್ಟಿದ್ದರಲ್ಲವೇ ತೆಗೆಯುವುದಕ್ಕೆ!

ಪತ್ರಿಕೆಯವರಲ್ಲಿ ನನ್ನ ಕೋರಿಕೆ ಇಷ್ಟು. ಮುಂದೆ ಯಾವ ಕ್ಲಬ್ ಕೋಚನ್ನು ತೆಗೆದರೂ ಕ್ಲಬ್ ಕಳಿಸಿದ ಹೇಳಿಕೆಯನ್ನು ಹಾಗೆಯೇ ಅಚ್ಚು ಹಾಕಿ ಸುಮ್ಮನಾಗಬೇಡಿ. ಆ ಬೇಸಿಗೆಯಲ್ಲಿ ಯಾರನ್ನು ಮಾರಿದರು, ಯಾರನ್ನು ಕೊಂಡರು, ಅದನ್ನು ತೀರ್ಮಾನಿಸಿದವರು ಕೋಚೋ ಆಡಳಿತವೋ, ಕರಾರು ಮುರಿದದ್ದಕ್ಕೆ ಎಷ್ಟು ಪರಿಹಾರ ಕೊಟ್ಟರು ಎಂದು ಮಾಲೀಕರನ್ನೇ ಕೇಳಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಎಂದಾದರೂ ಬರೆಯಿರಿ.

– ಕಂಠೀರವದ ವೆಸ್ಟ್ ಬ್ಲಾಕ್ ಗ್ಯಾಲರಿಯ ಒಬ್ಬ ಪ್ರೇಕ್ಷಕ
ಗೌತಮಪುರ, ಹಲಸೂರು, ಬೆಂಗಳೂರು