ಮಗಳಿಗೊಂದು ಪತ್ರ: ಅದು ಕಾಡುಕಾಗೆಯಲ್ಲ

ಪುಟ್ಟಿ,

ಸಿಂಗಪುರಕ್ಕೆ ಹೋದ ಒಂಬತ್ತನೇ ದಿನ ನೀನು ಕಳಿಸಿದ ಮೊದಲ ಫೋಟೋ ಕಾಗೆಯದು. "ಅಮ್ಮಾ, ಇಲ್ಲೂ ಕಾಡುಕಾಗೆ" ಅಂದಿದ್ದೆ. ನಾನು "ಅಲ್ಲ" ಅಂತಷ್ಟೇ ಬರೆದೆ. ಎರಡು ದಿನದಿಂದ ನಿನ್ನ ಸದ್ದಿಲ್ಲ. ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತು, ತಪ್ಪು ನನ್ನದೇ. ಆದರೂ ಅದು ಕಾಡುಕಾಗೆಯಲ್ಲ.

ಆ ಫೋಟೋ ಇನ್ನೊಮ್ಮೆ ತೆಗೆ. ಹಿಂದೆ ಬಿಳಿಚಿದ ಆಕಾಶವಿದೆ. ಫೋನು ಆಕಾಶದ ಬೆಳಕು ನೋಡಿಕೊಂಡಿತೋ, ಕಾಗೆ ಬರೀ ನೆರಳಾಗುತ್ತದೆ, ಕತ್ತಿನ ಬೂದು ಕಪ್ಪಿನೊಳಗೆ ಮುಳುಗುತ್ತದೆ. ನಾನು ಬೆಳಕು ಏರಿಸಿ ನೋಡಿದೆ. ನೆತ್ತಿ ಕಪ್ಪು, ಗಂಟಲು ಕಪ್ಪು. ಕಿವಿಯ ಹಿಂದಿನಿಂದ ಎದೆಗೆ ಇಳಿಯುವ ಒಂದು ಮಂಕು ಪಟ್ಟಿ, ಗಂಟಲಿನ ಕಪ್ಪು ನಿಂತ ಕಡೆ ಅದರ ಅಂಚು ಕಾಣುತ್ತದೆ. ಕಾಡುಕಾಗೆಗೆ ಈ ಬೂದು ಇರುವುದಿಲ್ಲ, ಕತ್ತೂ ಕಪ್ಪು. ಇದು ಊರಕಾಗೆ. ಇನ್ನು ಮುಂದೆ ಸೂರ್ಯ ನಿನ್ನ ಬೆನ್ನಿಗಿರುವ ಹಾಗೆ ಸುತ್ತಿಬಂದು ನಿಲ್ಲು, ತೆರೆಯ ಮೇಲೆ ಕಾಗೆಯ ಮೈಮೇಲೆ ಬೆರಳೊತ್ತಿ ಆಮೇಲೆ ತೆಗೆ. ಮಳೆಯಲ್ಲಿ ನೆಂದದ್ದನ್ನೂ ಗೂಡು ಬಿಟ್ಟ ಮರಿಯನ್ನೂ ಬಣ್ಣ ನೋಡಿ ನಂಬಬೇಡ, ಎರಡರಲ್ಲೂ ಬೂದು ಮಸುಕಾಗಿರುತ್ತದೆ.

ನೀನು ಮೋಸಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ನಿನ್ನ ಕಣ್ಣು ಪಳಗಿದ್ದು ಬೆಂಗಳೂರಿನ ಕಾಗೆಗೆ. ಮಲಯ ಸೀಮೆಯ ಊರಕಾಗೆಗಳು ಲಂಕೆಯ ಸಂತತಿ. 1900ರ ಆಸುಪಾಸಿನಲ್ಲಿ ಕಾಫಿ ತೋಟದ ಕಂಬಳಿಹುಳ ತಿನ್ನಲಿ ಅಂತ ಮಲೇಷ್ಯಾದ ಕ್ಲಾಂಗ್‌ಗೆ ತಂದು ಬಿಟ್ಟದ್ದು. ಲಂಕೆಯದರ ಕತ್ತು ನಮ್ಮದಕ್ಕಿಂತ ಗಾಢ. ದೂರದಿಂದ ಪೂರಾ ಕಪ್ಪೇ ಅನಿಸುತ್ತದೆ.

ಹಾಗಾಗಿ ಕೊಕ್ಕು ನೋಡು. ಪಕ್ಕದಿಂದ ನೋಡು, ಎದುರಿನಿಂದಲ್ಲ. ಅಲ್ಲಿಯ ಕಾಡಿನ ಕಾಗೆಗೆ ಕೊಕ್ಕು ದಪ್ಪ, ಮೇಲಂಚು ಕಮಾನಿನಂತೆ ಬಾಗಿ ಇಳಿಯುತ್ತದೆ, ಅದರ ಬುಡದಲ್ಲಿ ಹಣೆ ಗೋಡೆಯಂತೆ ಏಳುತ್ತದೆ. ನಮ್ಮ ಕಾಡುಕಾಗೆಗೆ ಹಣೆ ಅಷ್ಟು ಕಡಿದಾಗಿಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿ ಹುಡುಕಬೇಡ. ಊರಕಾಗೆಯ ಕೊಕ್ಕು ಸಪೂರ. ಆದರೆ ಯಾವ ಕಾಗೆಯೂ ತಲೆಯ ಗರಿ ಕೆದರಿದರೆ ಹಣೆ ಉಬ್ಬುತ್ತದೆ, ಗರಿ ಒತ್ತಿಕೊಂಡರೆ ಚಪ್ಪಟೆ. ಒಂದೇ ಕ್ಷಣದ ಚಿತ್ರ ಸಾಲದು ಅನ್ನುವುದು ಅದಕ್ಕೇ. ಎರಡು ನಿಮಿಷ ನಿಲ್ಲು, ಮೂರ್ನಾಲ್ಕು ತೆಗೆ. ಗಾತ್ರ? ಊರಕಾಗೆಯ 40 ಸೆಂಟಿಮೀಟರಿಗೂ ಕಾಡಿನದರ 48ಕ್ಕೂ ವ್ಯತ್ಯಾಸ ಗೊತ್ತಾಗುವುದು ಎರಡೂ ಅಕ್ಕಪಕ್ಕ ಕೂತರೆ ಮಾತ್ರ. ಕೂಗು ಇದಕ್ಕಿಂತ ವಾಸಿ: ಊರಕಾಗೆಯದು ಮೂಗಿನಲ್ಲಿ ಎಳೆದ ತೆಳು "ಕಾ", ಇನ್ನೊಂದರದು ಗಂಟಲಾಳದ ಒರಟು ದನಿ. ಕೆಂಪು ಕಣ್ಣು, ಹಸಿರು ಕೊಕ್ಕು ಕಂಡರೆ ಅದು ಗಂಡು ಕೋಗಿಲೆ, ಅಲ್ಲೂ ಹೆಣ್ಣು ಕೋಗಿಲೆ ಕಾಗೆಗೂಡಿನಲ್ಲೇ ಮೊಟ್ಟೆಯಿಡುತ್ತದೆ.

ಪಾಠ ಶುರುವಾಯಿತು ಅಂತ ಗೊಣಗುತ್ತಿರುತ್ತೀಯ. ನಿಜ ಹೇಳಬೇಕೆಂದರೆ ನನಗೆ ಚಿಂತೆ ಬೇರೆಯದೇ. ಮುಂದಿನ ತಿಂಗಳು ಅಜ್ಜಿಯ ತಿಥಿ. ಬಾಲ್ಕನಿಯಲ್ಲಿ ಎಡೆ ಇಟ್ಟು ಕಾಗೆ ಕರೆಯಬೇಡ. 2020ರಲ್ಲಿ ಅಲ್ಲಿಯ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅನುಮತಿಯಿಲ್ಲದೆ ಕಾಡುಪಕ್ಷಿಗೆ ತಿನ್ನಲು ಹಾಕುವುದೇ ಅಪರಾಧ, ಕಾಗೆಗೂ ವಿನಾಯಿತಿಯಿಲ್ಲ. ತಿಥಿ ಇಲ್ಲಿ ನಡೆಯುತ್ತದೆ, ಎಡೆ ನಮ್ಮ ತಾರಸಿಯ ಮೇಲಿರುತ್ತದೆ. ನೀನು ಇಟ್ಟೇ ಇಡುತ್ತೀಯ ಅಂತ ನನಗೆ ಗೊತ್ತು, ಅದಕ್ಕೇ ಮತ್ತೆ ಹೇಳುತ್ತೇನೆ, ಇಡಬೇಡ. ಇನ್ನೊಂದು ಮಾತು: ಗೂಡಿನ ಕಾಲದಲ್ಲಿ ಮರಿ ಕೆಳಗಿಳಿದಿದ್ದರೆ ತಾಯಿಕಾಗೆ ತಲೆಗೇ ಎರಗುತ್ತದೆ. ಗೂಡಿರುವ ಮರದ ಕೆಳಗೆ ಹೋಗಲೇಬೇಕಾದರೆ ಕೊಡೆ ಬಿಚ್ಚಿಕೊಂಡು ಹೋಗು, ಕೈಯಲ್ಲಿ ತಿಂಡಿ ಪೊಟ್ಟಣ ಬೇಡ.

ಅಷ್ಟು ಕೆಲಸದ ನಡುವೆ ತಲೆಯೆತ್ತಿ ಒಂದು ಕಾಗೆ ನೋಡಿದೆಯಲ್ಲ, ಅದನ್ನೇ ಮೊದಲು ಬರೆಯಬೇಕಿತ್ತು. ಮುಂದಿನದು ಕಂಡಾಗ ಹತ್ತು ಸೆಕೆಂಡು ಕೂಗನ್ನೂ ರೆಕಾರ್ಡ್ ಮಾಡಿ ಕಳಿಸು. ಹೆಸರು ನೀನೇ ಹೇಳು, ನಾನು ಒಂದು ದಿನ ಬಾಯಿ ಬಿಡುವುದಿಲ್ಲ.

ಅಮ್ಮ