ಶೀತಕ್ಕೆ ಆಂಟಿಬಯೋಟಿಕ್ ಯಾಕೆ?

ಸಂಪಾದಕರೇ,

ಮೊನ್ನೆ ಮೊಮ್ಮಗನಿಗೆ ಶೀತ. ಮೂಗು ಸೋರುತ್ತಿತ್ತು, ಅಷ್ಟೇ. ಮೆಡಿಕಲ್ ಶಾಪಿನವರು ಡಾಕ್ಟರ ಚೀಟಿ ಕೇಳದೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಕೊಟ್ಟರು. ಮಾತ್ರೆಯ ಸ್ಟ್ರಿಪ್ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತಿತ್ತು. ಚೀಟಿ ಇಲ್ಲದೆ ಕೊಡಬಾರದು ಅಂತಲೇ ಅದರ ಅರ್ಥ.

30 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು, ಸುಮ್ನಿರಲಾಗಲಿಲ್ಲ. ಬ್ಯಾಕ್ಟೀರಿಯಾ ಸ್ವಂತ ಮನೆ ಇರುವ ಜೀವಿ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳಗ್ಗೆಗೆ ಮೊಸರು. ಆ ಮಾತ್ರೆ ಕೆಡಿಸುವುದು ಬ್ಯಾಕ್ಟೀರಿಯಾದ ಗೋಡೆಯನ್ನು. ಶೀತದ ವೈರಸ್ಸಿಗೆ ಅಂಥ ಗೋಡೆಯೇ ಇಲ್ಲ! ನಮ್ಮ ಜೀವಕೋಶಕ್ಕೆ ನುಗ್ಗಿ, ಅಲ್ಲಿನ ಸಾಮಾನಿನಲ್ಲೇ ತನ್ನ ನಕಲು ಮಾಡಿಕೊಳ್ಳುತ್ತದೆ. ಮಾತ್ರೆ ತಿಂದು ಏನು ಬಂತು? ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಕ್ಕೇ ಪೆಟ್ಟು, ಅಲ್ವಾ?

ವಾಪಸ್ ಕೊಟ್ಟೆ. "ಎಲ್ಲರೂ ಇದನ್ನೇ ಕೇಳ್ತಾರೆ ಸಾರ್" ಎಂದರು.

– ನಿವೃತ್ತ ಶಿಕ್ಷಕ, ತಿಪಟೂರು